ಪೈಪ್ ಒಡೆದ ರಾತ್ರಿ ಮನೆಯಲ್ಲಿದ್ದವರಿಗೆ ಗೊತ್ತಿರಬೇಕಾದ್ದು

ಸಂಪಾದಕರಿಗೆ,

ಮಾನ್ಯರೇ,

ಹೊಳೆ ಉಕ್ಕಿ ಮನೆಗೆ ನೀರು ನುಗ್ಗಿದರೆ, ಗಾಳಿಗೆ ಹೆಂಚು ಹಾರಿದರೆ, ಹಿತ್ತಲ ಧರೆ ಕುಸಿದರೆ ಏನು ಮಾಡಬೇಕೆಂಬುದು ಮಲೆನಾಡಿನ ಜನಕ್ಕೆ ರೂಢಿಯಿಂದಲೇ ಅಷ್ಟಿಷ್ಟು ತಿಳಿದಿದೆ. ಆದರೆ ಮನೆಯೊಳಗಿನ ಪೈಪ್ ಒಡೆದು, ನಮ್ಮದೇ ಟ್ಯಾಂಕಿನ ನೀರು ನಮ್ಮದೇ ಹಾಲಿಗೆ ಹರಿದು ಬಂದಾಗ ಯಾವುದನ್ನು ಮೊದಲು ಮುಟ್ಟಬೇಕು, ಯಾವುದನ್ನು ಮುಟ್ಟಲೇಬಾರದು ಎಂಬುದು ಹೆಚ್ಚಿನ ಮನೆಗಳಲ್ಲಿ ಒಬ್ಬರಿಗೆ ಮಾತ್ರ ಗೊತ್ತಿರುತ್ತದೆ. ಆ ಒಬ್ಬರು ಮನೆಯಲ್ಲಿಲ್ಲದ ದಿನ ಉಳಿದವರ ಪಾಡೇನು ಎಂಬುದನ್ನು ನಾನು ಅನುಭವಿಸಿ ತಿಳಿದಿದ್ದೇನೆ. ಬೇರೆ ಮನೆಯವರಾದರೂ ಮುಂಚಿತವಾಗಿ ಎಚ್ಚೆತ್ತುಕೊಳ್ಳಲಿ ಎಂಬ ಕಾಳಜಿಯಿಂದ ಈ ಪತ್ರವನ್ನು ಸ್ವಲ್ಪ ದೀರ್ಘವಾಗಿಯೇ ಬರೆಯುತ್ತಿದ್ದೇನೆ.

ಕಳೆದ ಆಷಾಢದಲ್ಲಿ ಯಜಮಾನರು ತೋಟಕ್ಕೆ ಕೊಳೆರೋಗದ ಔಷಧಿ ಹೊಡೆಸಲೆಂದು ತೀರ್ಥಹಳ್ಳಿ ಕಡೆಯ ನಮ್ಮ ಊರಿಗೆ ಹೋಗಿದ್ದರು. ವಿನೋಬನಗರದ ಮನೆಯಲ್ಲಿ ನಾನು ಮತ್ತು 80 ದಾಟಿದ ಅತ್ತೆಯವರು ಇಬ್ಬರೇ ಇದ್ದೆವು. ಸಂಜೆಯಿಂದ ಬಿಡದೆ ಮಳೆ ಸುರಿಯುತ್ತಿತ್ತು. ಕರೆಂಟ್ ಹೋಗಿದ್ದರಿಂದ ಯುಪಿಎಸ್ ದೀಪದಲ್ಲಿ ಊಟ ಮುಗಿಸಿ ಮಲಗಿದ್ದೆವು. ನಡುರಾತ್ರಿ ಯಾವಾಗಲೋ ಮಹಡಿಯ ಕಡೆಯಿಂದ ಸೋ ಎಂಬ ಸದ್ದು ಕಿವಿಗೆ ಬಿತ್ತು. ಮಳೆ ಜೋರಾಯಿತೆಂದುಕೊಂಡು ಮಗ್ಗುಲು ಬದಲಿಸಿದೆ. ಆಷಾಢದ ರಾತ್ರಿ ನೀರಿನ ಸದ್ದು ಕೇಳಿ ನಮ್ಮ ಕಡೆ ಯಾರೂ ಎದ್ದು ಕೂರುವುದಿಲ್ಲ. ಎರಡೂವರೆ ಗಂಟೆಗೆ ಅತ್ತೆಯವರು ಬಚ್ಚಲಿಗೆ ಹೋಗಲೆಂದು ಮಂಚದಿಂದ ಕಾಲಿಳಿಸಿದಾಗ ಪಾದ ತಣ್ಣಗೆ ನೀರಿನಲ್ಲಿ ಮುಳುಗಿತು. ಅವರು ಕೂಗಿದ ಮೇಲೆಯೇ ನನಗೆ ಎಚ್ಚರವಾದದ್ದು.

ಹಾಲಿಗೆ ಬಂದು ನೋಡಿದರೆ ಮಹಡಿಯ ಮೆಟ್ಟಿಲಿನ ಮೇಲೆ ನೀರು ಒಂದೊಂದೇ ಹಂತ ಇಳಿದು ಬರುತ್ತಿತ್ತು. ನಾನು ಬರಿಗಾಲಿನಲ್ಲಿ ಆ ನೀರನ್ನು ತುಳಿದುಕೊಂಡೇ ಮೇಲಕ್ಕೆ ಓಡಿದೆ. ಮಹಡಿಯ ಬಚ್ಚಲುಮನೆಯಲ್ಲಿ ವಾಷ್ ಬೇಸಿನ್ನಿನ ಕೆಳಗಿರುವ, ಹೊರಗೆ ಸ್ಟೀಲಿನ ಹೆಣಿಗೆ ಇರುವ ಕನೆಕ್ಷನ್ ಪೈಪು ನಡುವೆ ಸೀಳಿ, ನೀರು ಎದುರಿನ ಗೋಡೆಗೆ ಅಪ್ಪಳಿಸುತ್ತಿತ್ತು. ಟ್ಯಾಂಕಿನ ವಾಲ್ವ್ ಬಂದ್ ಮಾಡಬೇಕೆಂಬುದಷ್ಟೇ ತಲೆಗೆ ಹೊಳೆದು, ಮಳೆಯಲ್ಲಿ, ಪಾಚಿಗಟ್ಟಿದ ಟೆರೇಸಿಗೆ ಟಾರ್ಚ್ ಹಿಡಿದು ಹೋದೆ. ಅಲ್ಲಿ ಆರು ವಾಲ್ವ್‌ಗಳಿದ್ದವು. ಯಾವುದು ಅಡುಗೆಮನೆಗೆ, ಯಾವುದು ಸೋಲಾರಿಗೆ, ಯಾವುದು ಮಹಡಿಯ ಬಚ್ಚಲಿಗೆ ಎಂಬುದು ಆ ಮನೆಯಲ್ಲಿ 19 ವರ್ಷ ಬಾಳಿದ ನನಗೆ ತಿಳಿದಿರಲಿಲ್ಲ. ಒಂದೊಂದಾಗಿ ತಿರುಗಿಸುತ್ತ ಹೋದೆ. ಎರಡು ಅಲುಗಾಡಲೇ ಇಲ್ಲ. ಮೂರನೆಯದರ ಚಕ್ರ ಎಷ್ಟು ತಿರುಗಿಸಿದರೂ ಸುಮ್ಮನೆ ಸುತ್ತುತ್ತಿತ್ತೇ ಹೊರತು ನೀರು ನಿಲ್ಲಲಿಲ್ಲ. ಅಷ್ಟರಲ್ಲಿ ಕರೆಂಟ್ ಬಂತು; ಟ್ಯಾಂಕ್ ಖಾಲಿಯಾಗಿದ್ದರಿಂದ ಆಟೊಮ್ಯಾಟಿಕ್ ಪಂಪ್ ತಾನಾಗಿಯೇ ಚಾಲೂ ಆಗಿ, ಸಂಪಿನ ನೀರನ್ನೂ ಮೇಲೆತ್ತಿ ಅದೇ ಸೀಳಿಗೆ ಕಳುಹಿಸತೊಡಗಿತು. ಊರಿಗೆ ಫೋನ್ ಮಾಡಿದರೆ ಮಳೆಗೆ ಅಲ್ಲಿ ನೆಟ್‌ವರ್ಕ್ ಇರಲಿಲ್ಲ.

ಕೊನೆಗೆ ಅತ್ತೆಯವರು ಕಿಟಕಿಯಿಂದ ಕೂಗಿ ಕರೆದದ್ದಕ್ಕೆ ಪಕ್ಕದ ಮನೆಯ ಪಾಲಿಟೆಕ್ನಿಕ್ ಓದುವ ಹುಡುಗ ಓಡಿ ಬಂದು, ಬೇಸಿನ್ನಿನ ಕೆಳಗೆ ಕೈಹಾಕಿ, ಗೋಡೆಗೆ ಅಂಟಿಕೊಂಡಿರುವ ಆ್ಯಂಗಲ್ ಕಾಕ್ ಎಂಬ ಚಿಕ್ಕ ನಲ್ಲಿಯನ್ನು ನಾಲ್ಕು ಸುತ್ತು ತಿರುಗಿಸಿದ. ನೀರು ನಿಂತಿತು. ಒಡೆದ ಜಾಗಕ್ಕೂ ನೀರು ನಿಲ್ಲಿಸುವ ಜಾಗಕ್ಕೂ ಒಂದು ಗೇಣಿನ ಅಂತರವಿತ್ತು. ನಾನು ಅದನ್ನು ಬಿಟ್ಟು ಮುಕ್ಕಾಲು ಗಂಟೆ ಟೆರೇಸಿನಲ್ಲಿ ಹೆಣಗಿದ್ದೆ. ಬೆಳಿಗ್ಗೆ ಬಂದ ಎಲೆಕ್ಟ್ರಿಷಿಯನ್, ಮೆಟ್ಟಿಲಿನ ಕೆಳಗೆ ಇಟ್ಟಿದ್ದ ಯುಪಿಎಸ್ ಮತ್ತು ಬ್ಯಾಟರಿಗೆ ನೀರು ತಲುಪಲು ಎರಡು ಬೆರಳಷ್ಟೇ ಬಾಕಿಯಿತ್ತೆಂದು ತೋರಿಸಿದಾಗ, ಬರಿಗಾಲಿನಲ್ಲಿ ಎಂಥ ನೀರನ್ನು ತುಳಿದು ಓಡಾಡಿದ್ದೆನೆಂಬುದು ಅರ್ಥವಾಗಿ ಕೈಕಾಲು ನಡುಗಿತು.

ಆದ್ದರಿಂದ ನನ್ನ ಮೊದಲ ಮಾತು ಕರೆಂಟಿನ ಕುರಿತಾದದ್ದು. ನೆಲದಲ್ಲಿ ನೀರು ನಿಂತಿರುವುದನ್ನು ಕಂಡ ಕೂಡಲೇ ಅದರೊಳಗೆ ಕಾಲಿಡದೆ ಒಂದು ಕ್ಷಣ ನಿಂತು, ನೀರು ಯಾವ ಸ್ವಿಚ್‌ಬೋರ್ಡ್, ಯಾವ ಎಕ್ಸ್‌ಟೆನ್ಷನ್ ವೈರ್, ಯಾವ ಫ್ರಿಜ್ ಅಥವಾ ವಾಷಿಂಗ್ ಮಷೀನಿನ ಹತ್ತಿರ ಹೋಗಿದೆ ಎಂಬುದನ್ನು ನೋಡಬೇಕು. ಮೇನ್ ಸ್ವಿಚ್ ಇರುವ ಜಾಗಕ್ಕೆ ಒಣನೆಲದ ಮೇಲೆ ಹೋಗಬಹುದಾದರೆ ಮೊದಲು ಅದನ್ನು ಆರಿಸಬೇಕು. ನಮ್ಮ ಕಡೆ ಮಳೆಗಾಲದಲ್ಲಿ ಯುಪಿಎಸ್ ಇಲ್ಲದೆ ಸಂಸಾರ ನಡೆಯುವುದಿಲ್ಲವಾದ್ದರಿಂದ ಇನ್ನೊಂದು ಸಂಗತಿಯನ್ನು ಒತ್ತಿ ಹೇಳಬೇಕಾಗಿದೆ: ಮೇನ್ ಸ್ವಿಚ್ ಆರಿಸಿದ ಮಾತ್ರಕ್ಕೆ ಮನೆ ಸುರಕ್ಷಿತವಾಗುವುದಿಲ್ಲ. ಹೊರಗಿನ ಕರೆಂಟ್ ನಿಂತೊಡನೆ ಯುಪಿಎಸ್ ತನ್ನ ಬ್ಯಾಟರಿಯಿಂದ 230 ವೋಲ್ಟ್ ಕರೆಂಟನ್ನೇ ದೀಪ ಮತ್ತು ಫ್ಯಾನಿನ ಲೈನುಗಳಿಗೆ ಕೊಡುತ್ತದೆ. ಅದರ ಮುಂಭಾಗದ ಬಟನ್ ಒತ್ತಿ ಅದನ್ನೂ ಆರಿಸಿದ ಮೇಲೆಯೇ ನೀರಿಗೆ ಇಳಿಯಬೇಕು. ಮೇನ್ ಸ್ವಿಚ್ ಅಥವಾ ಯುಪಿಎಸ್ ನೀರಿನ ನಡುವೆಯೇ ಇದ್ದರೆ, ರಬ್ಬರ್ ಚಪ್ಪಲಿ ಇದೆಯೆಂಬ ಧೈರ್ಯದಿಂದ ಯಾರೂ ಹತ್ತಿರ ಹೋಗಬಾರದು. ಎಲ್ಲರೂ ಮನೆಯಿಂದ ಹೊರಗೆ ಬಂದು, ವಿದ್ಯುತ್ ಕಂಪನಿ ಮೆಸ್ಕಾಂನ 1912 ಸಂಖ್ಯೆಗೆ ಅಥವಾ ಪರಿಚಯದ ಲೈನ್‌ಮನ್‌ಗೆ ತಿಳಿಸಿ, ಕಂಬದಲ್ಲೇ ಸಂಪರ್ಕ ತಪ್ಪಿಸಿಕೊಳ್ಳಬೇಕು. ಟ್ಯಾಂಕ್ ಪೂರ್ತಿ ಖಾಲಿಯಾದರೂ ನಷ್ಟವೇ ಲೇಸು.

ಇತ್ತೀಚಿನ ಮನೆಗಳಲ್ಲಿ ಮೇನ್ ಬೋರ್ಡಿನಲ್ಲಿ ಆರ್‌ಸಿಸಿಬಿ ಎಂಬ ಸ್ವಿಚ್ ಇರುತ್ತದೆ. ಸಾಮಾನ್ಯವಾಗಿ 30 ಮಿಲಿ ಆಂಪಿಯರ್‌ನಷ್ಟು ಕರೆಂಟ್ ಸೋರಿದರೂ ಅದು ತಾನಾಗಿ ಬೀಳುತ್ತದೆ. ಅದರ ಮೇಲಿನ ‘ಟೆಸ್ಟ್’ ಬಟನ್ನನ್ನು ಆಗಾಗ ಒತ್ತಿ ನೋಡುವ ಮನೆಗಳು ಎಷ್ಟಿವೆ? ಹಳೆಯ ಮನೆಗಳಿಗೆ ಇದನ್ನು ಕೂಡಿಸುವುದು ದೊಡ್ಡ ಕೆಲಸವಲ್ಲ. ಪ್ಲಂಬರ್ ಬರುವ ಮೊದಲು ಎಲೆಕ್ಟ್ರಿಷಿಯನ್‌ನನ್ನು ಕರೆಸಿ ಇದನ್ನು ಹಾಕಿಸಿದೆ ಎಂಬುದನ್ನು ಇಲ್ಲಿ ಹೇಳಬಯಸುತ್ತೇನೆ.

ಕರೆಂಟಿನ ಭಯ ಕಳೆದ ಮೇಲೆ ನೀರನ್ನು ನಿಲ್ಲಿಸುವ ಕೆಲಸ. ಒಡೆದ ಜಾಗಕ್ಕೆ ಅತ್ಯಂತ ಹತ್ತಿರದ ತಡೆ ಎಲ್ಲಿದೆಯೆಂದು ಮೊದಲು ನೋಡಬೇಕು. ವಾಷ್ ಬೇಸಿನ್, ಫ್ಲಶ್ ಟ್ಯಾಂಕ್, ಗೀಸರ್, ಅಡುಗೆಮನೆಯ ಸಿಂಕ್ ಇವುಗಳಿಗೆ ಸಾಮಾನ್ಯವಾಗಿ ಗೋಡೆಯಲ್ಲೇ ಒಂದೊಂದು ಆ್ಯಂಗಲ್ ಕಾಕ್ ಇರುತ್ತದೆ. ಕನೆಕ್ಷನ್ ಪೈಪು ಸೀಳಿದ್ದರೆ ಅದೊಂದನ್ನು ತಿರುಗಿಸಿದರೆ ಸಾಕು. ಗೋಡೆಯೊಳಗಿನ ಪೈಪೇ ಒಡೆದಿದ್ದರೆ ಆ ಬಚ್ಚಲುಮನೆಯ ಗೇಟ್ ವಾಲ್ವ್, ಅದೂ ನಿಲ್ಲದಿದ್ದರೆ ಟ್ಯಾಂಕಿನ ಬುಡದ ವಾಲ್ವ್. ಇದರ ಜೊತೆಗೆ ಮೋಟಾರ್ ಮತ್ತು ಪ್ರೆಶರ್ ಪಂಪಿನ ಸ್ವಿಚ್ ಆರಿಸುವುದನ್ನು ಮರೆಯಬಾರದು. ಪೈಪಿನಲ್ಲಿ ಒತ್ತಡ ಇಳಿದೊಡನೆ ಚಾಲೂ ಆಗುವುದೇ ಪ್ರೆಶರ್ ಪಂಪಿನ ಕೆಲಸ. ಒಡೆದ ಪೈಪಿಗೂ ತೆರೆದ ನಲ್ಲಿಗೂ ವ್ಯತ್ಯಾಸ ಅದಕ್ಕೆ ತಿಳಿಯದು. ನಗರದ ಅನೇಕ ಮನೆಗಳಲ್ಲಿ ಅಡುಗೆಮನೆಗೆ ತುಂಗೆಯ ನೀರು ರಸ್ತೆಯ ಲೈನಿನಿಂದ ನೇರವಾಗಿ ಬರುತ್ತದೆ, ಉಳಿದೆಡೆಗೆ ಟ್ಯಾಂಕಿನಿಂದ ಬರುತ್ತದೆ. ಅಂಥ ಮನೆಯಲ್ಲಿ ಟ್ಯಾಂಕಿನ ವಾಲ್ವ್ ಬಂದ್ ಮಾಡಿ ನೀರು ನಿಲ್ಲಲಿಲ್ಲವೆಂದು ಗಾಬರಿಯಾಗುವ ಬದಲು, ಗೇಟಿನ ಬಳಿ ಮೀಟರಿನ ಪಕ್ಕದ ವಾಲ್ವನ್ನು ನೋಡಬೇಕು. ಮೀಟರಿಗಿಂತ ಆಚೆ, ರಸ್ತೆಯ ಬದಿಯಲ್ಲಿ ಒಡೆದಿದ್ದರೆ ನಾವೇ ಅಗೆಯಲು ಹೋಗದೆ ಪಾಲಿಕೆಗೆ ತಿಳಿಸುವುದು ಸರಿ.

ಸೋಲಾರ್ ಲೈನಿನ ಬಗೆಗೂ ಎಚ್ಚರ ಬೇಕು. ಅದರ ಟ್ಯಾಂಕೇ ಬೇರೆ, ವಾಲ್ವೇ ಬೇರೆ. ಬಿಸಿಲಿನ ದಿನ ಸಂಜೆ ಆ ಪೈಪ್ ಒಡೆದರೆ ಬರುವ ನೀರು ಮೈ ಸುಡುವಷ್ಟು ಬಿಸಿಯಾಗಿರುತ್ತದೆ. ಗೀಸರಿನ ಸ್ವಿಚ್ಚನ್ನೂ ಆರಿಸಬೇಕು, ಏಕೆಂದರೆ ಒಳಗಿನ ನೀರು ಖಾಲಿಯಾದ ಗೀಸರ್ ಉರಿದರೆ ಕಾಯಿಲ್ ಸುಟ್ಟುಹೋಗುತ್ತದೆ. ಬಚ್ಚಲ ಒಲೆಯೊಳಗೆ ಪೈಪು ಸುತ್ತಿಸಿ ನೀರು ಕಾಯಿಸುವ ಏರ್ಪಾಡು ಮಲೆನಾಡಿನ ಹಲವು ಮನೆಗಳಲ್ಲಿದೆ. ಅಲ್ಲಿ ವಾಲ್ವ್ ಬಂದ್ ಮಾಡುವುದಾದರೆ ಒಲೆಯ ಕೊಳ್ಳಿಗಳನ್ನು ಮೊದಲು ಈಚೆಗೆ ಎಳೆದು ಆರಿಸಬೇಕು. ಹರಿಯಲು ದಾರಿಯಿಲ್ಲದ ನೀರು ಒಳಗೇ ಕುದಿದರೆ ಆವಿಯ ಒತ್ತಡಕ್ಕೆ ಇನ್ನೊಂದು ಅನಾಹುತವಾದೀತು.

ಮುಖ್ಯ ವಾಲ್ವ್ ನಿಲ್ಲಿಸಿದ ಮೇಲೂ ಪೈಪಿನಲ್ಲಿ ಉಳಿದ ನೀರು ಸ್ವಲ್ಪ ಹೊತ್ತು ಬರುತ್ತದೆ. ಕೆಳಮಹಡಿಯ, ಅಥವಾ ಹೊರಗಿನ ತಗ್ಗಿನ ನಲ್ಲಿಯನ್ನು ಪೂರ್ತಿ ತೆರೆದಿಟ್ಟರೆ ಆ ನೀರು ಅಲ್ಲಿಂದ ಹೋಗಿಬಿಡುತ್ತದೆ. ಯಾವ ವಾಲ್ವೂ ಕೆಲಸ ಮಾಡದ ನನ್ನಂಥವರಿಗೂ ಇದೇ ಉಪಾಯ: ಹಿತ್ತಲಿನ ನಲ್ಲಿ, ಕೆಳಗಿನ ಬಚ್ಚಲಿನ ನಲ್ಲಿ ಎಲ್ಲವನ್ನೂ ತೆರೆದು, ಟ್ಯಾಂಕಿನ ನೀರನ್ನು ಹಾಲಿಗೆ ಬಿಡುವ ಬದಲು ಚರಂಡಿಗೆ ಬಿಡುವುದು. ಅರ್ಧ ಇಂಚಿನ ಪೈಪು ಒಡೆದರೆ ನಿಮಿಷಕ್ಕೆ 20 ಲೀಟರ್ ಎಂದೇ ಹಿಡಿದರೂ 1000 ಲೀಟರಿನ ಟ್ಯಾಂಕ್ 50 ನಿಮಿಷದಲ್ಲಿ ಖಾಲಿ. 10 ಅಡಿಗೆ 12 ಅಡಿಯ ಕೋಣೆಯಲ್ಲಿ ಒಂದು ಇಂಚು ನೀರು ನಿಂತರೆ ಅದು ಸುಮಾರು 280 ಲೀಟರ್. ಅಂದರೆ ಒಂದು ಟ್ಯಾಂಕಿನ ನೀರು ಮೂರು ಕೋಣೆಗಳಲ್ಲಿ ಇಂಚು ಮೀರಿ ನಿಲ್ಲಲು ಸಾಕು. ಈ ಲೆಕ್ಕವನ್ನು ನಾನು ಮಾಡಿದ್ದು ನೀರು ಎತ್ತಿ ಹಾಕಿ ಸೊಂಟ ಹಿಡಿದುಕೊಂಡ ಮೇಲೆ.

ವಾಲ್ವ್‌ಗಳ ವಿಷಯದಲ್ಲಿ ನಮ್ಮೆಲ್ಲರ ಉದಾಸೀನ ನಿಜಕ್ಕೂ ಬೇಸರ ತರಿಸುವಂಥದ್ದು. ಚಕ್ರವಿರುವ ಗೇಟ್ ವಾಲ್ವನ್ನು ವರ್ಷಗಟ್ಟಲೆ ತಿರುಗಿಸದೆ ಬಿಟ್ಟರೆ ಒಳಗೆ ತುಕ್ಕು ಮತ್ತು ಕಸ ಕೂತು ಬಿಗಿದುಕೊಳ್ಳುತ್ತದೆ. ಆಪತ್ತಿನ ಹೊತ್ತಿಗೆ ಬಲ ಹಾಕಿ ತಿರುಗಿಸಿದರೆ ಒಳಗಿನ ಕಡ್ಡಿ ಕಿತ್ತು ಬಂದು, ಚಕ್ರ ಸುತ್ತಿದರೂ ಒಳಗಿನ ತಡೆ ಇಳಿಯುವುದಿಲ್ಲ. ಆರು ತಿಂಗಳಿಗೊಮ್ಮೆ, ಯುಗಾದಿಗೆ ಮತ್ತು ದೀಪಾವಳಿಗೆ ಟ್ಯಾಂಕ್ ತೊಳೆಸುವ ನೆಪದಲ್ಲಾದರೂ, ಪ್ರತಿಯೊಂದನ್ನೂ ಪೂರ್ತಿ ಮುಚ್ಚಿ ಪೂರ್ತಿ ತೆರೆದರೆ ಅವು ಕೆಲಸಕ್ಕೆ ಬರುತ್ತವೆ. ಹೊಸದಾಗಿ ಹಾಕಿಸುವವರು ಹಿಡಿಕೆಯಿರುವ ಬಾಲ್ ವಾಲ್ವನ್ನೇ ಹಾಕಿಸಿಕೊಳ್ಳುವುದು ಒಳ್ಳೆಯದು. ಹಿಡಿಕೆ ಪೈಪಿನ ಉದ್ದಕ್ಕೆ ಇದ್ದರೆ ತೆರೆದಿದೆ, ಅಡ್ಡಕ್ಕೆ ಇದ್ದರೆ ಮುಚ್ಚಿದೆ. ಕಾಲು ಸುತ್ತಿನಲ್ಲಿ ಕೆಲಸ ಮುಗಿಯುತ್ತದೆ. ಕತ್ತಲಲ್ಲಿ ಕೈಯಾಡಿಸಿದರೂ ಗೊತ್ತಾಗುತ್ತದೆ. ಕನೆಕ್ಷನ್ ಪೈಪುಗಳ ಸ್ಟೀಲಿನ ಹೆಣಿಗೆಯನ್ನು ನಂಬಿ ಕೂರಬಾರದು. ಒಳಗಿರುವುದು ರಬ್ಬರಿನಂಥ ಕೊಳವೆ. ಹೆಣಿಗೆಯಲ್ಲಿ ತುಕ್ಕಿನ ಚುಕ್ಕೆ, ಎಳೆ ಕಿತ್ತಿರುವುದು, ಮಡಿಕೆಯ ಹತ್ತಿರ ಉಬ್ಬಿರುವುದು ಕಂಡರೆ ಕೂಡಲೇ ಬದಲಿಸಬೇಕು. ನಮ್ಮ ಮನೆಯಲ್ಲಿ ಸೀಳಿದ ಪೈಪಿನ ತುದಿಯಲ್ಲಿ ಕಾಫಿಪುಡಿಯ ಬಣ್ಣದ ತುಕ್ಕು ಇತ್ತು. ವಾರಕ್ಕೊಮ್ಮೆ ಆ ಬೇಸಿನ್ ಉಜ್ಜುವಾಗ ಅದು ಕಣ್ಣಿಗೆ ಬಿದ್ದಿತ್ತು. ಅದರ ಅರ್ಥ ನನಗೆ ತಿಳಿದಿರಲಿಲ್ಲ.

ಪೈಪು ಒಡೆಯುವುದಕ್ಕೆ ಕಾರಣ ಹುಡುಕಿದರೆ ಮೊಬೈಲಿನಲ್ಲಿ ಸಿಗುವ ಹೆಚ್ಚಿನ ಸಲಹೆಗಳು ಚಳಿದೇಶಗಳವು. ಅಲ್ಲಿ ನೀರು ಪೈಪಿನೊಳಗೇ ಹೆಪ್ಪುಗಟ್ಟಿ, ಗಾತ್ರದಲ್ಲಿ ಶೇ 9ರಷ್ಟು ಹಿಗ್ಗಿ ಪೈಪನ್ನು ಒಡೆಯುತ್ತದೆ. ಶಿವಮೊಗ್ಗದಲ್ಲಿ ಆ ಮಾತು ಬರುವುದಿಲ್ಲ. ನಮ್ಮಲ್ಲಿ ಹಳೆಯ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪು ಒಳಗಿನಿಂದ ತುಕ್ಕು ತಿಂದು ತೆಳುವಾಗುತ್ತದೆ. ಟೆರೇಸಿನ ಮೇಲಿನ ಪ್ಲಾಸ್ಟಿಕ್ ಪೈಪು ವರ್ಷಗಟ್ಟಲೆ ಬಿಸಿಲಿಗೆ ಬಿದ್ದು ಪೆಡಸಾಗುತ್ತದೆ. ತಣ್ಣೀರಿಗೆ ಮೀಸಲಾದ ಯುಪಿವಿಸಿ ಪೈಪನ್ನು ಬಿಸಿನೀರಿಗೂ ಹಾಕಿ ಮೆತ್ತಗಾಗಿಸುತ್ತಾರೆ. ಗಾರೆಯೊಳಗೆ ಅಡಗಿರುವ ಪೈಪಿನ ಮೇಲೆಯೇ ಫೋಟೊ ತೂಗುಹಾಕಲೆಂದು ಡ್ರಿಲ್ ಇಳಿಸುತ್ತಾರೆ. ಹಳೆಯ ಪೈಪುಗಳನ್ನು ಹಾಗೆಯೇ ಉಳಿಸಿಕೊಂಡು ಹೊಸದಾಗಿ ಪ್ರೆಶರ್ ಪಂಪ್ ಕೂಡಿಸುವುದು ಇನ್ನೊಂದು ಕಾರಣ. ನೀರಿನ ಮಟ್ಟ 10 ಮೀಟರ್ ಮೇಲಿದ್ದರೆ ಪೈಪಿನಲ್ಲಿ ಸುಮಾರು ಒಂದು ಕೆ.ಜಿ. ಪ್ರೆಶರ್, ಅಂದರೆ ಚದರ ಸೆಂಟಿಮೀಟರಿಗೆ ಒಂದು ಕೆ.ಜಿ. ಒತ್ತಡ ಇರುತ್ತದೆ; ಒಂದು ಮಹಡಿಯ ಮನೆಯ ಟ್ಯಾಂಕಿನಿಂದ ಕೆಳಗಿನ ನಲ್ಲಿಗೆ ಅದಕ್ಕಿಂತ ಕಡಿಮೆಯೇ ಬರುತ್ತದೆ. ಅಷ್ಟಕ್ಕೇ ಒಗ್ಗಿದ 20 ವರ್ಷದ ಪೈಪಿಗೆ ಪಂಪಿನಿಂದ ಒಮ್ಮೆಲೆ ಎರಡು–ಮೂರು ಕೆ.ಜಿ. ಬಿದ್ದರೆ ಅದು ಎಲ್ಲಿ ಸೋತಿದೆಯೋ ಅಲ್ಲಿ ಬಾಯಿ ಬಿಡುತ್ತದೆ.

ಹಳ್ಳಿಯ ಕಡೆಯ ಕಥೆ ಬೇರೆಯೇ ಇದೆ, ಮತ್ತು ಅದರ ಬಗ್ಗೆ ಯಾರೂ ಬರೆಯುವುದಿಲ್ಲ. ತೀರ್ಥಹಳ್ಳಿ, ಹೊಸನಗರ, ಸಾಗರದ ಅನೇಕ ಮನೆಗಳಿಗೆ ಗುಡ್ಡದ ಮೇಲಿನ ಅಬ್ಬಿಯಿಂದ, ಅಂದರೆ ಝರಿಯಿಂದ, ಪಂಪಿಲ್ಲದೆ ತಾನಾಗಿ ಇಳಿಯುವ ಗ್ರಾವಿಟಿ ನೀರು ಬರುತ್ತದೆ. ಹಿಂದೆ ಅಡಿಕೆ ದಂಬೆಯಲ್ಲಿ (ಅಡಿಕೆ ಮರವನ್ನು ಸೀಳಿ ಮಾಡಿದ ದೋಣಿಯಲ್ಲಿ) ನೀರು ತರುತ್ತಿದ್ದಾಗ ಅದಕ್ಕೆ ನಲ್ಲಿಯೇ ಇರಲಿಲ್ಲ. ಹಗಲೂ ರಾತ್ರಿ ಬಾನಿ ಎಂಬ ತೊಟ್ಟಿಗೆ ಬಿದ್ದು, ತುಂಬಿ ಹೆಚ್ಚಾದದ್ದು ತೋಟಕ್ಕೆ ಹರಿಯುತ್ತಿತ್ತು. ನೀರನ್ನು ಎಲ್ಲಿಯೂ ಕಟ್ಟಿ ನಿಲ್ಲಿಸದೆ ಇದ್ದುದರಿಂದ ಒತ್ತಡವೆಂಬುದೇ ಇರಲಿಲ್ಲ. ಈಗ ಅದೇ ಅಬ್ಬಿಯಿಂದ ಕಪ್ಪು ಪೈಪಿನಲ್ಲಿ ನೀರು ತಂದು, ನೇರವಾಗಿ ಬಚ್ಚಲು, ಅಡುಗೆಮನೆಯ ನಲ್ಲಿಗಳಿಗೆ ಜೋಡಿಸಿ ತುದಿಯನ್ನು ಮುಚ್ಚುತ್ತೇವೆ. ಅಬ್ಬಿ ಮನೆಗಿಂತ 100 ಅಡಿ ಮೇಲಿದ್ದರೆ ನಲ್ಲಿಗಳನ್ನೆಲ್ಲ ಮುಚ್ಚಿದ ರಾತ್ರಿ ಹೊತ್ತಿನಲ್ಲಿ ಮೂರು ಕೆ.ಜಿ. ಒತ್ತಡ ಪೂರ್ತಿಯಾಗಿ ಮನೆಯೊಳಗಿನ ಪೈಪಿನ ಮೇಲೆ ಬೀಳುತ್ತದೆ. ಅಲ್ಲಿ ಪೈಪಿನ ತಿರುವಿನ ಎಲ್ಬೋ ಒಂದು ಹಾರಿದರೆ, ಪಟ್ಟಣದ ಹಾಗೆ ಟ್ಯಾಂಕ್ ಖಾಲಿಯಾಗಿ ನೀರು ನಿಲ್ಲುತ್ತದೆಂಬ ಸಮಾಧಾನವೂ ಇಲ್ಲ, ಅಬ್ಬಿಗೆ ಕೊನೆಯಿಲ್ಲ. ಕತ್ತಲಲ್ಲಿ, ಜಿಗಣೆ ಹತ್ತಿಸಿಕೊಂಡು, ಗುಡ್ಡ ಏರಿ ಅಬ್ಬಿಯ ಬಾಯಿಯಿಂದ ಪೈಪನ್ನು ಎತ್ತಿಡಬೇಕಾಗುತ್ತದೆ. ಇದಕ್ಕೆ ಪರಿಹಾರ ಹಳೆಯ ಕ್ರಮದಲ್ಲೇ ಇದೆ. ಗ್ರಾವಿಟಿ ಪೈಪನ್ನು ಮನೆಗೆ ನೇರ ಜೋಡಿಸದೆ, ಹಿತ್ತಲ ಎತ್ತರದಲ್ಲಿ ತೊಟ್ಟಿಯೊಂದಕ್ಕೆ ಬಿಟ್ಟು, ಹೆಚ್ಚಾದದ್ದು ತೋಟಕ್ಕೆ ಹೋಗುವಂತೆ ಮಾಡಿ, ಆ ತೊಟ್ಟಿಯಿಂದ ಮನೆಗೆ ಲೈನ್ ಎಳೆಯಬೇಕು. ಆಗ ಒತ್ತಡ ತೊಟ್ಟಿಯ ಎತ್ತರಕ್ಕಷ್ಟೇ ಸೀಮಿತ. ತೊಟ್ಟಿಯ ಬುಡದಲ್ಲಿ ಒಂದು ವಾಲ್ವ್ ಇದ್ದರೆ ಗುಡ್ಡ ಹತ್ತುವ ಅಗತ್ಯವೂ ಇಲ್ಲ. 2019ರಲ್ಲಿ ಶುರುವಾದ ಜಲಜೀವನ ಮಿಷನ್, ಅಂದರೆ ನಮ್ಮ ರಾಜ್ಯದ ‘ಮನೆ ಮನೆಗೆ ಗಂಗೆ’ಯಿಂದ ಅಂಗಳಕ್ಕೆ ನಲ್ಲಿ ಬಂದಿರುವ ಮನೆಗಳವರು, ಆ ಲೈನನ್ನು ಒಳಗೆ ಎಳೆದುಕೊಳ್ಳುವಾಗಲೂ ಗೋಡೆಯ ಹೊರಗೆ ಒಂದು ವಾಲ್ವ್ ಇಡಿಸಿಕೊಳ್ಳಬೇಕು. ಊರಿಗೆ ನೀರು ಬಿಡುವ ನೀರುಗಂಟಿಯ ಫೋನ್ ನಂಬರ್ ಮನೆಯ ಎಲ್ಲರ ಬಳಿಯೂ ಇರಬೇಕು.

ಹಳೆಯ ಮನೆಗಳಲ್ಲಿ ಹಾನಿಯ ಸ್ವರೂಪವೂ ಬೇರೆ. ಮಣ್ಣಿನ ಗೋಡೆಯ ಬುಡದಲ್ಲಿ ನೀರು ನಿಂತರೆ ಗೋಡೆ ಮೆತ್ತಗಾಗುತ್ತದೆ. ಜಂಬಿಟ್ಟಿಗೆ ಕಲ್ಲು ನೀರನ್ನು ಹೀರಿಕೊಂಡು ತಿಂಗಳುಗಟ್ಟಲೆ ಬಿಡುವುದಿಲ್ಲ. ಆದ್ದರಿಂದ ಅಂಥ ಮನೆಯಲ್ಲಿ ಹಾಸಿಗೆ, ಪಾತ್ರೆಗಳಿಗಿಂತ ಮೊದಲು ಗೋಡೆಯ ಬುಡದ ನೀರನ್ನು ಹೊರಹಾಕಬೇಕು. ಅಡಿಕೆ ಚೀಲ, ಅಕ್ಕಿ ಮೂಟೆ ನೆಲದ ಮೇಲಿದ್ದರೆ ಕೂಡಲೇ ಎತ್ತಿ ಮಣೆ ಅಥವಾ ಬೆಂಚಿನ ಮೇಲಿಡಬೇಕು. ತೇವ ತಗುಲಿದ ಅಡಿಕೆಯನ್ನು ಚೀಲದಲ್ಲೇ ಬಿಟ್ಟರೆ ಬೂಷ್ಟು ಹಿಡಿದು ದರ ಬಿದ್ದುಹೋಗುತ್ತದೆಂದು ಬೆಳೆಗಾರರಿಗೆ ನಾನು ಹೇಳಬೇಕಿಲ್ಲ.

ನೀರು ಹೊರಹಾಕುವಾಗ ವಯಸ್ಸಾದವರನ್ನು ಮೊದಲು ಒಣಜಾಗದಲ್ಲಿ ಕೂರಿಸಬೇಕು. ನುಣುಪಾದ ಟೈಲ್ಸಿನ ಮೇಲೆ ನೀರಿದ್ದರೆ ಹರೆಯದವರೇ ಜಾರುತ್ತಾರೆ. ಅತ್ತೆಯವರು ಸಹಾಯಕ್ಕೆಂದು ಎದ್ದಾಗ ನಾನು ಗದರಿಸಿ ಕೂರಿಸಿದೆ. ಅವರೇ ಕೂತಲ್ಲಿಂದ ಕಂಬಳಿ ಉಪಯೋಗಿಸು ಎಂದರು. ಎರಡು ಹಳೆಯ ಕಂಬಳಿಗಳನ್ನು ಸುರುಳಿ ಸುತ್ತಿ ದೇವರಮನೆಯ ಮತ್ತು ಮಲಗುವ ಕೋಣೆಯ ಬಾಗಿಲಿಗೆ ಅಡ್ಡ ಹಾಕಿದೆವು. ಗೋಣಿಚೀಲಕ್ಕಿಂತ ಚೆನ್ನಾಗಿ ಅವು ನೀರನ್ನು ತಡೆದವು. ಮೇಲಿನ ಮಹಡಿಯ ನೀರು ಕೆಳಗಿನ ಪಿಒಪಿ ಸೀಲಿಂಗಿನಲ್ಲಿ ತುಂಬಿ ಅದು ಜೋತುಬಿದ್ದಿದ್ದರೆ ಅದರ ಕೆಳಗೆ ಯಾರೂ ಓಡಾಡಬಾರದು. ಕರೆಂಟ್ ಆರಿಸಿರುವುದನ್ನು ಖಚಿತಪಡಿಸಿಕೊಂಡು, ಬದಿಯಲ್ಲಿ ನಿಂತು, ಉದ್ದ ಕೋಲಿನಿಂದ ಸಣ್ಣ ತೂತು ಮಾಡಿ ನೀರನ್ನು ಬಕೆಟ್ಟಿಗೆ ಇಳಿಸಬಹುದು.

ತಾತ್ಕಾಲಿಕ ದುರಸ್ತಿಯ ವಿಷಯ ಚಿಕ್ಕದು. ಸಣ್ಣ ಬಿರುಕಾದರೆ, ನೀರು ನಿಲ್ಲಿಸಿ ಪೈಪನ್ನು ಒರೆಸಿ, ಹಳೆಯ ಸೈಕಲ್ ಟ್ಯೂಬನ್ನು ಪಟ್ಟಿಯಾಗಿ ಕತ್ತರಿಸಿ, ಬಿಗಿಯಾಗಿ ಎಳೆದು ಸುತ್ತಿ, ಎರಡೂ ಕಡೆ ಕ್ಲಾಂಪ್ ಅಥವಾ ತಂತಿಯಿಂದ ಬಿಗಿದರೆ ಪ್ಲಂಬರ್ ಬರುವವರೆಗೆ ತಡೆಯುತ್ತದೆ. ಎಂ-ಸೀಲ್ ಹಚ್ಚುವವರು ಎರಡೂ ಬಣ್ಣದ ಮುದ್ದೆಗಳನ್ನು ಒಂದೇ ಬಣ್ಣ ಬರುವವರೆಗೆ ಕಲಸಿ, ಅದು ಪೂರ್ತಿ ಗಟ್ಟಿಯಾಗುವವರೆಗೆ ವಾಲ್ವ್ ತೆರೆಯದೆ ಕಾಯಬೇಕು. ಇವೆರಡೂ ಒಂದೆರಡು ದಿನದ ಮಾತು. ಟ್ಯೂಬ್ ಸುತ್ತಿದ ಪೈಪನ್ನು ಹಾಗೆಯೇ ಗಾರೆಯೊಳಗೆ ಮುಚ್ಚಿಸುವುದು ದೊಡ್ಡ ತಪ್ಪು.

ನೀರು ನಿಂತ ಮೇಲಿನ ಕೆಲಸವೇ ಮಲೆನಾಡಿನಲ್ಲಿ ಹೆಚ್ಚು ಕಷ್ಟದ್ದು. ಒದ್ದೆಯಾದ ವಸ್ತುಗಳಲ್ಲಿ ಒಂದೆರಡು ದಿನದೊಳಗೆ ಬೂಷ್ಟು ಶುರುವಾಗುತ್ತದೆ. ನಮ್ಮಲ್ಲಿ ಮಳೆಗಾಲದ ಗಾಳಿಯೇ ಒದ್ದೆ. ಕಿಟಕಿ ತೆರೆದಿಟ್ಟರೆ ಒಣಗುತ್ತದೆಂಬ ಮಾತು ಇಲ್ಲಿ ನಡೆಯದು. ಬೀರು, ಮಂಚಗಳನ್ನು ಗೋಡೆಯಿಂದ ಒಂದಡಿ ಈಚೆಗೆಳೆದು, ಬುಡಕ್ಕೆ ಇಟ್ಟಿಗೆ ಕೊಟ್ಟು, ಎಲೆಕ್ಟ್ರಿಷಿಯನ್ ಒಪ್ಪಿಗೆ ಕೊಟ್ಟ ಮೇಲೆ ಫ್ಯಾನ್‌ಗಳನ್ನು ಹಗಲೂ ರಾತ್ರಿ ತಿರುಗಿಸಿದೆವು. ಪ್ಲೈವುಡ್ಡಿನ ಬೀರುವಿನ ಬುಡ ಉಬ್ಬಿದ್ದನ್ನು ಉಳಿಸಿಕೊಳ್ಳಲಾಗಲಿಲ್ಲ. ಅದರ ಕೆಳಗಿನ ಅರೆಯಲ್ಲಿ ತೋಟದ ಹಳೆಯ ಪಹಣಿ, ಕ್ರಯಪತ್ರಗಳಿದ್ದವು. ಒದ್ದೆ ಕಾಗದವನ್ನು ಬಿಸಿಲಿಗೆ ಹಾಕದೆ, ಒಂದೊಂದು ಹಾಳೆಯ ನಡುವೆ ಪತ್ರಿಕೆಯ ಹಾಳೆಯಿಟ್ಟು, ಒದ್ದೆಯಾದಂತೆ ಆ ಹಾಳೆಗಳನ್ನು ಬದಲಿಸುತ್ತ ಫ್ಯಾನಿನ ಕೆಳಗೆ ಒಣಗಿಸಬೇಕು. ತಮ್ಮ ಪತ್ರಿಕೆಯ ಎರಡು ತಿಂಗಳ ಸಂಚಿಕೆಗಳು ನಮಗೆ ಆ ವಾರ ಹಾಗೆ ಒದಗಿದವು. ಗೋಡೆಗೆ ಬಣ್ಣ ಬಳಿಸುವುದನ್ನು ದೀಪಾವಳಿ ಕಳೆಯುವವರೆಗೂ ಮುಂದೂಡಿದೆವು. ಒಳಗೆ ತೇವವಿರುವಾಗ ಬಳಿದ ಬಣ್ಣ ಹೊಪ್ಪಳೆಯಾಗಿ ಏಳುತ್ತದೆ.

ಒರೆಸಿ ಸ್ವಚ್ಛ ಮಾಡುವ ಮೊದಲೇ ಫೋಟೊ ತೆಗೆದಿಡಬೇಕು. ಒಡೆದ ಪೈಪಿನ ತುಂಡನ್ನು ಎಸೆಯಬಾರದು. 2021ರ ಏಪ್ರಿಲ್‌ನಿಂದ ಜಾರಿಗೆ ಬಂದ ‘ಭಾರತ್ ಗೃಹ ರಕ್ಷಾ’ ಎಂಬ ಏಕರೂಪದ ಮನೆ ವಿಮೆಯಲ್ಲಿ, ನೀರಿನ ಟ್ಯಾಂಕ್ ಮತ್ತು ಪೈಪುಗಳು ಒಡೆದು ಅಥವಾ ಉಕ್ಕಿ ಆಗುವ ಹಾನಿಯೂ ಸೇರಿದೆ. ಗೃಹಸಾಲ ಪಡೆದ ಎಷ್ಟೋ ಮಂದಿಗೆ ಬ್ಯಾಂಕಿನ ಮೂಲಕ ಮನೆಯ ಮೇಲೆ ವಿಮೆ ಇರುವುದೇ ತಿಳಿದಿರುವುದಿಲ್ಲ. ಕಾಗದ ತೆಗೆದು ನೋಡಿ, ಇದ್ದರೆ ತಡಮಾಡದೆ ತಿಳಿಸಬೇಕು.

ಮನೆ ಕಟ್ಟಿಸುತ್ತಿರುವವರಲ್ಲಿ, ಕಟ್ಟಿಕೊಡುವ ಎಂಜಿನಿಯರುಗಳಲ್ಲಿ ಮತ್ತು ಪಾಲಿಕೆಯವರಲ್ಲಿ ನನ್ನದೊಂದು ಪ್ರಾರ್ಥನೆಯಿದೆ. ಗಾರೆ ಮಾಡುವ ಮೊದಲು ಪ್ರತಿ ಗೋಡೆಯ ಪೈಪುಗಳ ಫೋಟೊವನ್ನು, ಪಕ್ಕದಲ್ಲಿ ಅಳತೆ ಟೇಪ್ ಹಿಡಿದು ತೆಗೆದು, ಯಾವ ವಾಲ್ವ್ ಯಾವ ಲೈನಿಗೆ ಎಂಬ ನಕ್ಷೆಯೊಂದಿಗೆ ಮನೆಯವರ ಕೈಗೆ ಕೊಡುವುದನ್ನು ಕಡ್ಡಾಯ ಮಾಡಬೇಕು. ಕಟ್ಟಡ ಪೂರ್ಣಗೊಂಡ ಪತ್ರ ಕೊಡುವಾಗ ಈ ನಕ್ಷೆಯ ಒಂದು ಪ್ರತಿಯನ್ನು ಕೇಳಿದರೆ ಯಾರಿಗೂ ಹೊರೆಯಾಗಲಾರದು. ನಮ್ಮ ಮನೆಯ ಪೈಪುಗಳನ್ನು ಹಾಕಿದವರು ಯಾರು, ಈಗ ಎಲ್ಲಿದ್ದಾರೆ ಎಂಬುದು ನಮಗೆ ತಿಳಿಯದು. ಹೊಸ ಪ್ಲಂಬರ್ ಒಂದು ಇಡೀ ದಿನ ಒಂದೊಂದೇ ವಾಲ್ವ್ ತಿರುಗಿಸಿ, ನಾನು ಕೆಳಗೆ ನಲ್ಲಿ ತೆರೆದು ಕೂಗಿ ಹೇಳಿ, ಹಾಗೆ ಆ ಆರರ ಗುರುತು ಹಿಡಿದೆವು.

ಈಗ ಟ್ಯಾಂಕಿನ ಮುಖ್ಯ ಪೈಪನ್ನು ಟೆರೇಸಿನ ಬಾಗಿಲಿನ ಒಳಗಿಂದ ಹಾಯಿಸಿ, ಮಳೆಗೆ ಹೊರಗೆ ಕಾಲಿಡದೆಯೇ ಕೈಗೆ ಸಿಗುವ ಎತ್ತರದಲ್ಲಿ ಒಂದು ಬಾಲ್ ವಾಲ್ವ್ ಹಾಕಿಸಿದ್ದೇವೆ. ಉಳಿದ ವಾಲ್ವ್‌ಗಳಿಗೆ ಬಣ್ಣ ಹಚ್ಚಿ ತಗಡಿನ ಚೀಟಿ ಕಟ್ಟಿದ್ದೇವೆ. ಯುಪಿಎಸ್ಸನ್ನು ನೆಲದಿಂದ ಮೂರಡಿ ಮೇಲೆ ಗೋಡೆಯ ಸ್ಟ್ಯಾಂಡಿಗೆ ಏರಿಸಿದೆವು. ಮೆಟ್ಟಿಲು ಹತ್ತಲಾಗದ ಅತ್ತೆಯವರು ಮೇನ್ ಸ್ವಿಚ್ ಮತ್ತು ಯುಪಿಎಸ್ ಬಟನ್ ಯಾವುದೆಂದು ಕಲಿತು, ಕಳೆದ ಶನಿವಾರ ಯಾರಿಗೂ ಹೇಳದೆ ಎರಡನ್ನೂ ಆರಿಸಿ, ನಾನು ಅಡುಗೆಮನೆಯಿಂದ ಓಡಿ ಬರುವವರೆಗೆ ಕಾದು, ‘ಸರಿಯಾಯ್ತಾ?’ ಎಂದು ಕೇಳಿದರು.

ಇಂತಿ ವಂದನೆಗಳೊಂದಿಗೆ,

ಓರ್ವ ನಿವೃತ್ತ ಶಿಕ್ಷಕಿ
ವಿನೋಬನಗರ, ಶಿವಮೊಗ್ಗ